ಮೆಸೇಜ್ ಬಂದಿದ್ದು ‘ಬ್ಯಾಟರಿ ಕಡಿಮೆ’ ಅಂತ, ಸುಟ್ಟಿದ್ದು ಮೋಟಾರು: ಚಿಪ್ಪಿನೊಳಗಿನ ಎಡ-ಬಲದ ಕಥೆ

ಸಂಡೂರು ತಾಲ್ಲೂಕಿನ ಬಂಡ್ರಿಯಿಂದ ಮಾತಾಡ್ತಿದೀನಿ. ಇದು ಈ ವಾರದ ಸಂಚಿಕೆಯ ಬರಹ ರೂಪ. ಹೋದ ಸಲ ಹಿನ್ನೆಲೆಯಲ್ಲಿ ಲಾರಿ ಸದ್ದು ಜಾಸ್ತಿ ಇತ್ತು ಅಂತ ಒಬ್ಬರು ಬರೆದಿದ್ರು. ಓದೋರಿಗೆ ಆ ತಾಪತ್ರಯ ಇಲ್ಲ.

ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ. ಓದಿದವನು. ಚಿಪ್ಪು, ರಿಜಿಸ್ಟರು, ಡ್ರೈವರ್ ಕೋಡು ಇದ್ಯಾವುದೂ ನನ್ನ ಸಿಲಬಸ್ಸಲ್ಲಿ ಇರಲಿಲ್ಲ. ಇದನ್ನ ನಾನು ಕಲಿತದ್ದು ನಮ್ಮ ದೊಡ್ಡಪ್ಪನ ಬೋರಿನ ಮೋಟಾರ್ ಸುಟ್ಟಮೇಲೆ. ಗೊತ್ತಿಲ್ಲದವನು ಗೊತ್ತಿಲ್ಲದವರಿಗೆ ಹೇಳ್ತಿದಾನೆ ಅಂತಲೇ ಕೇಳಿ, ಅಲ್ಲಲ್ಲ, ಓದಿ.

ನನ್ನ ಗೆಳೆಯ ಒಬ್ಬ ಇದ್ದಾನೆ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ರೈತರ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆ ಮಾಡಿಕೊಡ್ತಾನೆ. ಕರೆಂಟ್ ಬಂದ್ರೆ ಮೋಟಾರ್ ತಾನಾಗೇ ಶುರುವಾಗುತ್ತೆ, ಏನಾದ್ರೂ ತೊಂದರೆ ಆದ್ರೆ ನಿಲ್ಲುತ್ತೆ, ಜೊತೆಗೆ ಫೋನಿಗೆ ಒಂದು ಮೆಸೇಜ್ ಬರುತ್ತೆ. ನಮ್ಮ ಕಡೆ ಹೊಲಕ್ಕೆ ತ್ರೀ ಫೇಸ್ ಕರೆಂಟ್ ರಾತ್ರಿ ಎಷ್ಟೊತ್ತಿಗೋ ಬರೋದು. ಎರಡು ಗಂಟೆಗೆ ಎದ್ದು ಬ್ಯಾಟರಿ ಹಿಡಕೊಂಡು ಹಾವಿನ ಹೆದರಿಕೆಯಲ್ಲಿ ಹೊಲಕ್ಕೆ ಹೋಗೋದು ತಪ್ಪುತ್ತೆ ಅಂತ ದೊಡ್ಡಪ್ಪನಿಗೆ ನಾನೇ ಹೇಳಿ ಆ ಪೆಟ್ಟಿಗೆ ಹಾಕಿಸಿದ್ದೆ. ಅದಕ್ಕೇ ನನಗೆ ಈ ಕಥೆ ಸ್ವಲ್ಪ ಜಾಸ್ತಿ ಚುಚ್ಚುತ್ತೆ.

ಮೂರು ತಿಂಗಳು ಚೆನ್ನಾಗೇ ನಡೀತು. ಆಮೇಲೆ ಒಂದು ರಾತ್ರಿ ದೊಡ್ಡಪ್ಪನ ಫೋನಿಗೆ ಮೆಸೇಜ್ ಬಂತು: ಬೋರಲ್ಲಿ ನೀರಿಲ್ಲ, ಮೋಟಾರ್ ನಿಲ್ಲಿಸಲಾಗಿದೆ. ಬೆಳಿಗ್ಗೆ ಆರಕ್ಕೇ ನನಗೆ ಫೋನು. “ಲೇ, ಬೋರ್ ಒಣಗೈತಂತಲೋ. ಮೆಕ್ಕೆಜೋಳ ತೆನಿ ಕಟ್ಟೋ ಹೊತ್ತಿನ್ಯಾಗ ಹಿಂಗಾತು ನೋಡು.” ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹೊಸ ಬೋರ್ ಕೊರೆಸಬೇಕಾ, ಸಾಲ ಎಲ್ಲಿ ಕೇಳೋದು ಅಂತ ಲೆಕ್ಕ ಶುರುವಾಯ್ತು. ಲೆಕ್ಕ ಬರೆದವನು ನಾನೇ, ಬಿ.ಕಾಂ. ಅಲ್ವಾ. ಮರುದಿನ ಕರೆಂಟ್ ಬಂದಾಗ ಮೋಟಾರ್ ಶುರುವಾಯ್ತು, ಪೈಪ್ ತುಂಬ ನೀರು. ದೊಡ್ಡಮ್ಮ ಗಂಗಮ್ಮನಿಗೆ ಕಾಯಿ ಒಡೆಸಿದ್ರು. ನಾವ್ಯಾರೂ ಅದರ ಮೇಲೆ ಯೋಚನೆ ಮಾಡಲಿಲ್ಲ.

ಹತ್ತು ಹದಿನೈದು ದಿನ ಆಗಿರಬೇಕು. ಇನ್ನೊಂದು ರಾತ್ರಿ ಇನ್ನೊಂದು ಮೆಸೇಜ್: ಪೆಟ್ಟಿಗೆಯ ಬ್ಯಾಟರಿ ಕಡಿಮೆ ಇದೆ. ಬ್ಯಾಟರಿ ತಾನೇ, ಬೆಳಿಗ್ಗೆ ನೋಡಿದ್ರಾಯ್ತು ಅಂತ ದೊಡ್ಡಪ್ಪ ಮಗ್ಗಲು ಬದಲಾಯಿಸಿ ಮಲಗಿದ್ರು. ಬೆಳಿಗ್ಗೆ ಹೋದ್ರೆ ಮೋಟಾರ್ ಸುಟ್ಟು ಹೋಗಿತ್ತು. ಟಿಸಿ ಹತ್ರ ಒಂದು ಫ್ಯೂಸ್ ಹೋಗಿ ಮೂರು ಫೇಸಲ್ಲಿ ಒಂದು ಬರ್ತಾ ಇರಲಿಲ್ಲ. ಓಡ್ತಾ ಇರೋ ತ್ರೀ ಫೇಸ್ ಮೋಟಾರ್‌ಗೆ ಒಂದು ಫೇಸ್ ತಪ್ಪಿದ್ರೆ ಅದು ಕೂಡಲೇ ನಿಲ್ಲೋದಿಲ್ಲ. ಉಳಿದ ಎರಡು ಫೇಸಿಂದ ಜಾಸ್ತಿ ಕರೆಂಟ್ ಎಳೆದುಕೊಂಡು ಗುಂಯ್ ಅಂತ ಒದ್ದಾಡುತ್ತೆ, ವೈಂಡಿಂಗ್ ಕಾಯುತ್ತೆ, ಸುಡುತ್ತೆ. ಮೇಲಿದ್ದ ಮೋಟಾರ್ ಆಗಿದ್ರೆ ಸದ್ದಾದ್ರೂ ಕೇಳಿಸ್ತಿತ್ತು. ಇದು ನೆಲದೊಳಗೆ ಮುಳುಗಿರೋ ಸಬ್‌ಮರ್ಸಿಬಲ್, ಅದರ ಸಂಕಟ ಯಾರಿಗೆ ಕೇಳುತ್ತೆ?

(ನ್ಯಾಯವಾಗಿ ಹೇಳಬೇಕಂದ್ರೆ ಅರ್ಧ ತಪ್ಪು ನಮ್ಮದೂ ಇತ್ತು. ಸ್ಟಾರ್ಟರಲ್ಲಿ ಓವರ್‌ಲೋಡ್ ರಿಲೇ ಅಂತ ಒಂದಿರುತ್ತೆ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ವರ್ಷಗಳ ಹಿಂದೆಯೇ ಅದನ್ನ ಬಿಟ್ಟು ನೇರ ಜಾಯಿಂಟ್ ಕೊಟ್ಟಿದ್ರು. ನಿಮ್ಮ ಹೊಲದಲ್ಲೂ ಹಾಗೇ ಇದ್ರೆ ಈ ಸಂಚಿಕೆ ನಿಲ್ಲಿಸಿ, ಮೊದಲು ಅದನ್ನ ಸರಿ ಮಾಡಿಸಿ.)

ಮೋಟಾರ್ ಎತ್ತಿಸಿ, ಹೊಸಪೇಟೆಗೆ ಒಯ್ದು, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ ಒಂದು ವಾರ. ತೆನೆ ಕಟ್ಟೋ ಹೊತ್ತಲ್ಲಿ ಒಂದು ವಾರ ನೀರಿಲ್ಲ ಅಂದ್ರೆ ಏನು ಅಂತ ರೈತರ ಮನೆಯವರಿಗೆ ಹೇಳಬೇಕಾಗಿಲ್ಲ.

ಹಾಗಾದ್ರೆ ಪೆಟ್ಟಿಗೆ ಸುಳ್ಳು ಹೇಳ್ತಾ? ಇಲ್ಲ. ಅದು ಎರಡೂ ರಾತ್ರಿ ನಿಜವನ್ನೇ ಹೇಳಿತ್ತು, ಬಲದಿಂದ ಎಡಕ್ಕೆ ಹೇಳಿತ್ತು, ಅಷ್ಟೇ.

ಈಗ ಸ್ವಲ್ಪ ಒಳಗೆ ಹೋಗೋಣ. ಚಿಪ್ಪಿನಲ್ಲಿ ರಿಜಿಸ್ಟರ್ ಅಂದ್ರೆ ನಮ್ಮ ಆಫೀಸಿನ ಹಾಜರಿ ಪುಸ್ತಕ ಅಲ್ಲ. ನಿಮ್ಮ ಮನೆ ಪಡಸಾಲೆಯ ಸ್ವಿಚ್‌ಬೋರ್ಡ್ ನೆನಪಿಸಿಕೊಳ್ಳಿ. ಎಂಟು ಸ್ವಿಚ್ ಸಾಲಾಗಿವೆ, ಒಂದೊಂದೂ ಆನ್ ಅಥವಾ ಆಫ್. ಒಂದು ಸ್ವಿಚ್ಚಿಗೆ ಬಿಟ್ ಅಂತ ಹೆಸರು, ಎಂಟು ಸೇರಿದ್ರೆ ಒಂದು ಬೈಟ್. ದೊಡ್ಡ ಚಿಪ್‌ಗಳಲ್ಲಿ 32 ಸ್ವಿಚ್ಚಿನ ಸಾಲು, 64 ಸ್ವಿಚ್ಚಿನ ಸಾಲೂ ಇರುತ್ತೆ. ಡ್ರೈವರ್ ಅಂದ್ರೆ ಆ ಸ್ವಿಚ್‌ಗಳನ್ನ ಒತ್ತೋ, ನೋಡಿ ಹೇಳೋ ಪ್ರೋಗ್ರಾಂ. ನಿಮ್ಮ ಫೋನಿನ ಕ್ಯಾಮೆರಾ, ಬೆರಳಚ್ಚು ಓದೋ ಜಾಗ, ಚಾರ್ಜಿಂಗ್, ಪ್ರತಿಯೊಂದರ ಹಿಂದೆಯೂ ಇಂಥ ಒಬ್ಬ ಡ್ರೈವರ್ ಕೂತಿರ್ತಾನೆ.

ಹೊಸ ಬಾಡಿಗೆ ಮನೆಗೆ ಹೋದಾಗ ಏನಾಗುತ್ತೆ? ಮನೆ ಓನರ್ “ಮೊದಲನೇ ಸ್ವಿಚ್ ಫ್ಯಾನು” ಅಂತಾರೆ. ನೀವು ಎಡಗಡೆಯ ಕೊನೇದು ಒತ್ತುತ್ತೀರಿ, ಟ್ಯೂಬ್‌ಲೈಟ್ ಹತ್ತುತ್ತೆ. ಅವರ ಲೆಕ್ಕ ಬಾಗಿಲ ಕಡೆಯಿಂದ, ನಿಮ್ಮ ಲೆಕ್ಕ ಗೋಡೆ ಕಡೆಯಿಂದ. ಮೊದಲನೇದು ಯಾವ ಕಡೆಯಿಂದ ಅಂತ ಯಾರೂ ಹೇಳಿರೋದಿಲ್ಲ. ಈ ಸಂಚಿಕೆಯ ವಿಷಯ ಇಷ್ಟೇ.

ನಮಗೆ ಇದೇನೂ ಹೊಸದಲ್ಲ. ಹೊಸಪೇಟೆ ಮಾರ್ಕೆಟ್ಟಲ್ಲಿ ನಿಂತು ಕೇಳಿ. ಕನ್ನಡದೋರು ಇಪ್ಪತ್ತೈದು ಅಂತಾರೆ: ಇಪ್ಪತ್ತು ಮುಂದೆ, ಐದು ಹಿಂದೆ. ಪಕ್ಕದ ಅಂಗಡಿಯ ಭಾಯಿ ಪಚ್ಚೀಸ್ ಅಂತಾರೆ: ಐದು ಮುಂದೆ, ಇಪ್ಪತ್ತು ಹಿಂದೆ. ದುಡ್ಡು ಅದೇ. ಹಂಪಿಗೆ ಬನ್ನಿ. ತುಂಗಭದ್ರೆ ದಡದಲ್ಲಿ ಪುರಂದರ ಮಂಟಪ ಇದೆ. ಸಂಗೀತ ಕಲಿಯೋ ಮಕ್ಕಳಿಗೆ ಮೊದಲ ಪಾಠ ಮಾಯಾಮಾಳವಗೌಳ ರಾಗದಲ್ಲಿ ಕೊಡೋ ಪದ್ಧತಿ ಹಾಕಿಕೊಟ್ಟೋರು ಪುರಂದರದಾಸರು ಅಂತ ಸಂಪ್ರದಾಯ ಹೇಳುತ್ತೆ. ಆಮೇಲೆ ಬಂದ 72 ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಆ ರಾಗದ ನಂಬರ್ 15. ನಂಬರ್ ರಾಗದ ಹೆಸರಲ್ಲೇ ಅಡಗಿದೆ. ಕಟಪಯಾದಿ ಲೆಕ್ಕದಲ್ಲಿ ‘ಮ’ ಅಂದ್ರೆ 5, ‘ಯ’ ಅಂದ್ರೆ 1. ಮಾಯಾ ಅಂದ್ರೆ 51. ಅದನ್ನ ತಿರುಗಿಸಿ ಓದಬೇಕು, ಆಗ 15. ಧೀರಶಂಕರಾಭರಣ: ‘ಧ’ 9, ‘ರ’ 2, ತಿರುಗಿಸಿದ್ರೆ 29. ಅಂಕಿಗಳು ಎಡಕ್ಕೆ ನಡೀತವೆ ಅನ್ನೋದು ಅಲ್ಲಿನ ನಿಯಮ. ನಿಯಮ ಗೊತ್ತಿದ್ದವರಿಗೆ ತೊಂದರೆ ಇಲ್ಲ. ಗೊತ್ತಿಲ್ಲದವನು 51ನೇ ಮೇಳ ತೆಗೆದು ಹಾಡಲಿಕ್ಕೆ ಕೂತ್ರೆ ಬೇರೆಯದೇ ರಾಗ ಬರುತ್ತೆ. ಎಲ್ಲೂ ‘ತಪ್ಪಾಗಿದೆ’ ಅಂತ ಗಂಟೆ ಹೊಡೆಯೋದಿಲ್ಲ. ಅದು ಮುಖ್ಯ, ನೆನಪಿಟ್ಟುಕೊಳ್ಳಿ.

ಚಿಪ್ ಲೋಕದಲ್ಲಿ ಈ ಗೊಂದಲಕ್ಕೆ ಒಂದಲ್ಲ, ಮೂರ್ನಾಲ್ಕು ಮುಖ. ಅವನ್ನ ಒಂದರೊಳಗೊಂದು ಕಲಸಿಬಿಡೋದರಿಂದಲೇ ಅರ್ಧ ತಲೆನೋವು.

ಮೊದಲನೇದು ಬರೀ ಹೆಸರಿನ ಜಗಳ. ಇಂಟೆಲ್, ಆರ್ಮ್ ಚಿಪ್‌ಗಳ ಕೈಪಿಡಿಯಲ್ಲಿ ಬಿಟ್ ಸೊನ್ನೆ ಅಂದ್ರೆ ಅತಿ ಚಿಕ್ಕ ಬೆಲೆಯದು, ನಮ್ಮ ಬಿಡಿ ಸ್ಥಾನ ಇದ್ದ ಹಾಗೆ. ಐಬಿಎಂ ಕಡೆಯಿಂದ ಬಂದ ಪವರ್‌ಪಿಸಿ ಕೈಪಿಡಿಗಳಲ್ಲಿ ಬಿಟ್ ಸೊನ್ನೆ ಅಂದ್ರೆ ಅತಿ ದೊಡ್ಡ ಬೆಲೆಯದು, ಎಡತುದಿ. 2006ಕ್ಕೂ ಹಿಂದಿನ ಆಪಲ್ ಮ್ಯಾಕ್‌ಗಳಲ್ಲಿ, ಪ್ಲೇಸ್ಟೇಷನ್ 3ರಲ್ಲಿ, ಎಕ್ಸ್‌ಬಾಕ್ಸ್ 360ರಲ್ಲಿ ಇದ್ದದ್ದು ಇದೇ ವಂಶದ ಪ್ರೊಸೆಸರ್. ಆ ಕೈಪಿಡಿಯಲ್ಲಿ 32 ಬಿಟ್ ರಿಜಿಸ್ಟರಿನ “ಬಿಟ್ 5 ಆನ್ ಮಾಡಿ” ಅಂತಿದ್ರೆ, ಮಿಕ್ಕವರ ಲೆಕ್ಕದಲ್ಲಿ ಅದು 31ರಲ್ಲಿ 5 ಕಳೆದ್ರೆ ಬರೋ ಬಿಟ್ 26. ಬೆಲೆ 32 ಅಲ್ಲ, 6,71,08,864. ಇನ್ನೂ ಮಜಾ ಅಂದ್ರೆ, 64 ಬಿಟ್‌ನ ಸಾಲಲ್ಲಿ ಅದೇ ಬೆಲೆಯ ಸ್ವಿಚ್ಚಿಗೆ ಆ ಕಡೆಯವರು 37 ಅಂತ ಹೆಸರಿಡ್ತಾರೆ. ಎಡತುದಿಯಿಂದ ಎಣಿಸ್ತಾರಲ್ಲ, ಸಾಲು ಉದ್ದ ಆದ್ರೆ ಎಲ್ಲರ ನಂಬರೂ ಬದಲಾಗುತ್ತೆ. ಬಲತುದಿಯಿಂದ ಎಣಿಸೋರಿಗೆ ಆ ಕಷ್ಟ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಬಲತುದಿಯವರೇ ಜಾಣರು. ಕೇಳದಿದ್ರೂ ಹೇಳ್ತಿದೀನಿ.

ಇಲ್ಲಿ ಸ್ವಿಚ್ ಜಾಗ ಬದಲಾಗಿಲ್ಲ, ಕರೆಯೋ ಹೆಸರು ಮಾತ್ರ ಬೇರೆ ಅನ್ನೋದನ್ನ ಗಮನಿಸಿ. ಕಾಮರ್ಸ್ ಓದಿದವರಿಗೆ ಇದು ಪಾಸ್‌ಬುಕ್ ಪಾಠ. ನನ್ನ ಪುಸ್ತಕದಲ್ಲಿ ಬ್ಯಾಂಕಿಗೆ ಕಟ್ಟಿದ ದುಡ್ಡು ಡೆಬಿಟ್, ಬ್ಯಾಂಕಿನ ಪುಸ್ತಕದಲ್ಲಿ ಅದೇ ದುಡ್ಡು ಕ್ರೆಡಿಟ್. ಇಬ್ಬರೂ ಸರಿ. ಒಬ್ಬರ ಪುಸ್ತಕ ಹಿಡಿದು ಇನ್ನೊಬ್ಬರ ಲೆಕ್ಕ ಬರೆದರೆ ಮಾತ್ರ ದಿವಾಳಿ.

ಎರಡನೇದು ಬೈಟ್‌ಗಳ ಸರದಿ. ನಾಲ್ಕು ಬೈಟಿನ ಒಂದು ಸಂಖ್ಯೆಯನ್ನ ಮೆಮೊರಿಯಲ್ಲಿ ಇಡೋವಾಗ ದೊಡ್ಡ ತುದಿ ಮೊದಲಾ, ಸಣ್ಣ ತುದಿ ಮೊದಲಾ? ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಅನ್ನೋ ಮಾತು ಕೇಳಿರಬಹುದು. 1980ರ ಏಪ್ರಿಲ್ 1ರಂದು ಡ್ಯಾನಿ ಕೊಹೆನ್ ಅನ್ನೋ ವಿಜ್ಞಾನಿ ಒಂದು ಲೇಖನದಲ್ಲಿ ಈ ಜಗಳಕ್ಕೆ ಆ ಹೆಸರು ತಂದರು. ಹೆಸರು ಎತ್ತಿಕೊಂಡಿದ್ದು 1726ರ ‘ಗಲಿವರ್ಸ್ ಟ್ರಾವೆಲ್ಸ್’ನಿಂದ. ಅದರಲ್ಲಿ ಬೇಯಿಸಿದ ಮೊಟ್ಟೆಯನ್ನ ದಪ್ಪ ತುದಿಯಿಂದ ಒಡೀಬೇಕಾ ಸಣ್ಣ ತುದಿಯಿಂದ ಒಡೀಬೇಕಾ ಅಂತ ಜನ ಯುದ್ಧಕ್ಕೇ ಹೋಗ್ತಾರೆ. ಇದರ ಬಗ್ಗೆ ಯೂಟ್ಯೂಬಲ್ಲಿ ಬೇಕಾದಷ್ಟು ಸಿಗುತ್ತೆ, ನಾನು ಮುಂದೆ ಹೋಗ್ತೀನಿ.

ಮೂರನೇದು ತಂತಿ ಮೇಲಿನ ಸರದಿ. ಎಂಟು ಬಿಟ್ ಒಂದೇ ತಂತಿಯಲ್ಲಿ ಹೋಗಬೇಕು ಅಂದ್ರೆ ಒಂದರ ಹಿಂದೆ ಒಂದು ಹೋಗಬೇಕು. ಯಾರು ಮುಂದೆ? ಯುಆರ್ಟ್ ಅನ್ನೋ ಹಳೇ ಸೀರಿಯಲ್ ಪದ್ಧತಿಯಲ್ಲಿ ಚಿಕ್ಕ ಬಿಟ್ ಮುಂದೆ. ಐ-ಸ್ಕ್ವೇರ್-ಸಿ ಅನ್ನೋದರಲ್ಲಿ ದೊಡ್ಡ ಬಿಟ್ ಮುಂದೆ. ಎಸ್‌ಪಿಐ ಅನ್ನೋದರಲ್ಲಿ ಸಾಮಾನ್ಯವಾಗಿ ದೊಡ್ಡದು ಮುಂದೆ, ಆದ್ರೆ ಚಿಪ್ ಮಾಡಿದವರ ಮನಸ್ಸು. ನಮ್ಮ ದೊಡ್ಡಪ್ಪನ ಪೆಟ್ಟಿಗೆ ಕೆಟ್ಟಿದ್ದು ಇದೇ ಮೂರನೇ ಬಾಗಿಲಲ್ಲಿ.

ಇದಕ್ಕೆ ಅತ್ಯಂತ ಚೆಂದದ ಉದಾಹರಣೆ ನಿಮ್ಮ ಜೇಬಲ್ಲೇ ಇದೆ: ಸಿಮ್ ಕಾರ್ಡ್. ಸಿಮ್ ಅಂದ್ರೆ ಒಂದು ಪುಟ್ಟ ಸ್ಮಾರ್ಟ್‌ಕಾರ್ಡ್. ಐಎಸ್‌ಒ 7816 ಅನ್ನೋ ಮಾನದಂಡದ ಪ್ರಕಾರ ಅದು ಫೋನಿನ ಜೊತೆ ಒಂದೇ ತಂತಿಯಲ್ಲಿ ಮಾತಾಡುತ್ತೆ. ಆ ಮಾನದಂಡದಲ್ಲಿ ಎರಡು ಪದ್ಧತಿಗೂ ಅವಕಾಶ ಇದೆ. ‘ನೇರ’ ಪದ್ಧತಿಯ ಕಾರ್ಡ್ ಚಿಕ್ಕ ಬಿಟ್ ಮೊದಲು ಕಳಿಸುತ್ತೆ. ‘ತಿರುಗು’ ಪದ್ಧತಿಯದು ದೊಡ್ಡ ಬಿಟ್ ಮೊದಲು ಕಳಿಸೋದಷ್ಟೇ ಅಲ್ಲ, ಒಂದನ್ನ ಸೊನ್ನೆ ಅಂತ, ಸೊನ್ನೆಯನ್ನ ಒಂದು ಅಂತ ಅದಲುಬದಲು ಮಾಡಿಯೂ ಕಳಿಸುತ್ತೆ. ಹಾಗಾದ್ರೆ ಯಾವ ಕಾರ್ಡ್ ಹಾಕಿದ್ದಾರೆ ಅಂತ ಫೋನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಒಂದು ಉಪಾಯ ಮಾಡಿದ್ದಾರೆ. ಕರೆಂಟ್ ಕೊಟ್ಟ ಕೂಡಲೇ ಕಾರ್ಡ್ ಕಳಿಸೋ ಮೊದಲ ಬೈಟೇ ತನ್ನ ಪದ್ಧತಿ ಯಾವುದು ಅನ್ನೋ ಘೋಷಣೆ. ಹದಿನಾರರ ಲೆಕ್ಕದಲ್ಲಿ ಬರೆದರೆ ನೇರ ಕಾರ್ಡ್ 3ಬಿ ಅನ್ನುತ್ತೆ, ತಿರುಗು ಕಾರ್ಡ್ 3ಎಫ್ ಅನ್ನುತ್ತೆ.

ತಿರುಗು ಕಾರ್ಡಿನ 3ಎಫ್ ಅಂದ್ರೆ 00111111. ಅದಲುಬದಲು ಮಾಡಿದ್ರೆ 11000000. ದೊಡ್ಡ ತುದಿಯಿಂದ ಒಂದೊಂದಾಗಿ ಕಳಿಸಿದ್ರೆ ತಂತಿ ಮೇಲೆ ಮೊದಲು ಎರಡು ಒಂದು, ಆಮೇಲೆ ಆರು ಸೊನ್ನೆ. ಫೋನು ಇದನ್ನ ನೇರ ಪದ್ಧತಿಯಲ್ಲಿ ಓದ್ತಾ ಇದ್ದರೆ, ಮೊದಲು ಬಂದದ್ದನ್ನ ಚಿಕ್ಕ ತುದಿಗೆ ಹಾಕುತ್ತೆ: 00000011, ಅಂದ್ರೆ 3. ಮೂರು ಬಂತಾ? ಓ, ಇದು ತಿರುಗು ಕಾರ್ಡು, ಇನ್ನು ಮುಂದೆ ಬರೋದನ್ನೆಲ್ಲ ತಿರುಗಿಸಿ ಓದಬೇಕು ಅಂತ ಅಲ್ಲೇ ತೀರ್ಮಾನ. ಭಾಷಾಂತರಕಾರ ಬಾಗಿಲಲ್ಲೇ ನಿಂತಿದ್ದಾನೆ, ಒಳಗಿನವರಿಗೆ ಚಿಂತೆ ಇಲ್ಲ.

ಸಿಮ್ಮಿನ ಇನ್ನೊಂದು ಗುಟ್ಟು. ಕಾರ್ಡಿನ ಮೇಲೆ ಸಣ್ಣಗೆ ಒಂದು ಉದ್ದ ನಂಬರ್ ಅಚ್ಚಾಗಿರುತ್ತೆ. ನಮ್ಮ ದೇಶದ ಸಿಮ್ಮಲ್ಲಿ ಅದು 8991 ಅಂತ ಶುರುವಾಗುತ್ತೆ: 89 ಟೆಲಿಕಾಂಗೆ, 91 ಭಾರತಕ್ಕೆ. ಕಾರ್ಡಿನ ಒಳಗೆ ಅದು ಹಾಗೆ ಕೂತಿರೋದಿಲ್ಲ. ಒಂದೊಂದು ಬೈಟಲ್ಲಿ ಎರಡೆರಡು ಅಂಕಿ, ಆ ಜೋಡಿಯೊಳಗೆ ಜಾಗ ಅದಲುಬದಲು. 98, 19 ಅಂತ ಇರುತ್ತೆ. ಮತ್ತೆ ಮಾಯಾಮಾಳವಗೌಳದ ಕಥೆಯೇ.

ನಮ್ಮ ರಾಜ್ಯದ್ದೇ ಒಂದು ಹಳೆಯ ಯಂತ್ರ ಇಲ್ಲಿ ನೆನಪಾಗುತ್ತೆ. ನಿಮ್ಮಲ್ಲಿ ಹೆಚ್ಚಿನೋರು ಅದನ್ನ ನೋಡಿರಲಾರಿರಿ, ನಾನೂ ನೋಡಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಅಂತ ಒಂದು ಕೈಗಣಕದ ಮಾದರಿ ಬಿಡುಗಡೆ ಆಯ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಮಾಡಿದ್ದು. ಒಳಗೆ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಸ್ಮಾರ್ಟ್‌ಫೋನ್ ಅನ್ನೋದು ಮನೆಮಾತಾಗೋಕೆ ಎಷ್ಟೋ ವರ್ಷ ಮುಂಚೆ. ಅದರಲ್ಲಿ ನನಗೆ ಇಷ್ಟವಾದ ಯೋಚನೆ ಸ್ಮಾರ್ಟ್‌ಕಾರ್ಡ್ ಕಿಂಡಿ. ಹಳ್ಳಿಗೆ ಒಂದೇ ಯಂತ್ರ ಇದ್ದರೂ ಒಬ್ಬೊಬ್ಬರ ಹತ್ತಿರ ಅವರವರ ಕಾರ್ಡ್, ಹಾಕಿದ್ರೆ ಅವರ ಮಾಹಿತಿ. ಅಂಥ ಕಿಂಡಿಗೆ ಡ್ರೈವರ್ ಬರೆಯೋರು ಯಾರೇ ಆದ್ರೂ ಈ 3ಬಿ, 3ಎಫ್ ಬಾಗಿಲು ದಾಟಲೇಬೇಕು. ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ನಿಲ್ಲಲಿಲ್ಲ, ಅದು ಬೇರೆ ಸಂಚಿಕೆಯ ವಿಷಯ.

ನಾಲ್ಕನೇ ಮುಖ ಕೋಡ್ ಬರೆಯೋರಿಗೆ ಮಾತ್ರ ಸಂಬಂಧಪಟ್ಟಿದ್ದು, ಆದ್ರೂ ಹೇಳ್ತೀನಿ. ಸಿ ಭಾಷೆಯಲ್ಲಿ ಬಿಟ್‌ಫೀಲ್ಡ್ ಅಂತ ಒಂದು ಸೌಲಭ್ಯ ಇದೆ. “ಮೊದಲ ನಾಲ್ಕು ಬಿಟ್ ಇದು, ಮುಂದಿನ ನಾಲ್ಕು ಅದು” ಅಂತ ಸಾಲಾಗಿ ಹೆಸರು ಬರೆದುಬಿಡಬಹುದು. ನೋಡೋಕೆ ಬಹಳ ನೀಟು. ಆದ್ರೆ ಮೊದಲ ನಾಲ್ಕು ಯಾವ ತುದಿಯಿಂದ ಅನ್ನೋದನ್ನ ಸಿ ಭಾಷೆಯ ನಿಯಮ ಹೇಳೋದೇ ಇಲ್ಲ, ಕಂಪೈಲರಿಗೆ ಬಿಟ್ಟಿದೆ. ಇಂಟರ್ನೆಟ್ಟಿನ ಐಪಿ ನಾಲ್ಕನೇ ಆವೃತ್ತಿಯ ಪ್ರತಿ ಪ್ಯಾಕೆಟ್ಟಿನ ಮೊದಲ ಬೈಟಲ್ಲಿ ಎರಡು ಸುದ್ದಿ ಇರುತ್ತೆ: ಆವೃತ್ತಿ ಮತ್ತು ಹೆಡರ್ ಎಷ್ಟುದ್ದ ಅನ್ನೋದು. ಸಾಮಾನ್ಯವಾಗಿ ಅದು 4 ಮತ್ತು 5. ತಿರುಗಿಸಿ ಓದಿದ್ರೆ ಆವೃತ್ತಿ 5, ಉದ್ದ 4 ಅಂತ ಬಂದು ಕೂರುತ್ತೆ. ಹಾಗಾಗಿ ಲಿನಕ್ಸ್ ಕೋಡಿನಲ್ಲಿ ಆ ಎರಡು ಸಾಲನ್ನ ಎರಡು ಸಲ ಬರೆದಿದ್ದಾರೆ, ಒಮ್ಮೆ ಹೀಗೆ, ಒಮ್ಮೆ ಹಾಗೆ, ಯಾವ ಯಂತ್ರಕ್ಕೆ ಯಾವುದು ಬೇಕೋ ಅದನ್ನ ಆರಿಸಿಕೊಳ್ಳಲಿ ಅಂತ. ಚಿಪ್ಪಿನ ರಿಜಿಸ್ಟರಿಗೆ ಬಿಟ್‌ಫೀಲ್ಡ್ ಬಳಸೋದನ್ನ ಅನುಭವಸ್ಥರು ತಪ್ಪಿಸ್ತಾರೆ. ಅದರ ಬದಲು ಅವರು ಬೆಲೆಯಿಂದ ಮಾತಾಡ್ತಾರೆ. ಪ್ರೊಸೆಸರ್ ಒಳಗೆ ಸಂಖ್ಯೆ ಬಂದಮೇಲೆ ಅಲ್ಲಿ ಎಡ ಇಲ್ಲ, ಬಲ ಇಲ್ಲ. ‘ಎಡಕ್ಕೆ ಒಂದು ಮನೆ ಸರಿಸು’ ಅಂದ್ರೆ ಎರಡರಿಂದ ಗುಣಿಸು ಅಂತ ಅರ್ಥ, ಯಾವ ಕಂಪನಿಯ ಪ್ರೊಸೆಸರ್ ಆದ್ರೂ ಅಷ್ಟೇ. ಎಂಟು ಅನ್ನೋ ಬೆಲೆ ಎಲ್ಲ ಕಡೆಯೂ ಎಂಟೇ.

ಲಿನಕ್ಸ್‌ನಲ್ಲಿ ಇದಕ್ಕೆಲ್ಲ ಸಿದ್ಧ ಸಾಮಾನು ಇದೆ. ಬಿಟ್ ನಂಬರ್ ಕೊಟ್ಟರೆ ಬೆಲೆ ಕೊಡೋದು ಒಂದು. ಪವರ್‌ಪಿಸಿ ಕೈಪಿಡಿಯ ತಲೆಕೆಳಗು ನಂಬರ್ ಕೊಟ್ಟರೂ ಸರಿಯಾದ ಬೆಲೆ ಕೊಡೋದು ಇನ್ನೊಂದು, ಅದು ಪವರ್‌ಪಿಸಿ ವಿಭಾಗಕ್ಕೆ ಮಾತ್ರ. ಎಸ್‌ಪಿಐ ಸಾಧನಕ್ಕೆ ‘ಚಿಕ್ಕ ಬಿಟ್ ಮೊದಲು’ ಅಂತ ಒಂದು ಗುರುತು ಹಚ್ಚಬಹುದು. ರಿಜಿಸ್ಟರ್ ಓದೋ ಸಾಮಾನ್ಯ ಆಜ್ಞೆ ಚಿಪ್ಪು ಲಿಟಲ್ ಎಂಡಿಯನ್ ಅಂತಲೇ ಭಾವಿಸಿ, ಪ್ರೊಸೆಸರ್ ಬಿಗ್ ಎಂಡಿಯನ್ ಆಗಿದ್ರೆ ಬೈಟ್‌ಗಳನ್ನ ತಾನೇ ತಿರುಗಿಸಿ ಕೊಡುತ್ತೆ. ಹೊಸಬರು ಎಡವೋದು ಇಲ್ಲೇ. ಅದು ಆಗಲೇ ತಿರುಗಿಸಿದೆ ಅಂತ ಗೊತ್ತಿಲ್ಲದೆ ಇವರು ಇನ್ನೊಮ್ಮೆ ತಿರುಗಿಸ್ತಾರೆ. ಇಂಥ ಎಡವಟ್ಟು ಹಿಡಿಯೋಕೆ ಲಿನಸ್ ಟೊರ್ವಾಲ್ಡ್ಸ್ 2003ರಲ್ಲಿ ಸ್ಪಾರ್ಸ್ ಅಂತ ಒಂದು ತಪಾಸಣೆ ಸಾಧನ ಬರೆದರು. ‘ಇದು ದೊಡ್ಡ ತುದಿಯ ಸಂಖ್ಯೆ, ಇದು ಚಿಕ್ಕ ತುದಿಯದು’ ಅಂತ ಮೊದಲೇ ಹಣೆಪಟ್ಟಿ ಹಚ್ಚಿಟ್ಟರೆ, ಎರಡನ್ನೂ ಬೆರೆಸಿದ ಕಡೆ ಅದು ಬೆರಳು ತೋರಿಸುತ್ತೆ.

ಸರಿ, ಹೊಲಕ್ಕೆ ವಾಪಸ್ ಬರೋಣ.

ಗೆಳೆಯನ ಪೆಟ್ಟಿಗೆಯೊಳಗೆ ಎಂಟು ತಂತಿಗಳ ಸುದ್ದಿಯನ್ನ ಒಂದೇ ತಂತಿಯಲ್ಲಿ ಸಾಲಾಗಿ ಕಳಿಸೋ ಒಂದು ಸಣ್ಣ ಬೋರ್ಡ್ ಇತ್ತು. ಅವನ ಪಟ್ಟಿ ಹೀಗಿತ್ತು. ಸೊನ್ನೆ, ಒಂದು, ಎರಡನೇ ಬಿಟ್: ಆರ್, ವೈ, ಬಿ ಫೇಸ್ ಹೋಗಿದೆ. ಮೂರು, ನಾಲ್ಕು ಖಾಲಿ. ಐದು: ಬೋರಲ್ಲಿ ನೀರಿಲ್ಲ. ಆರು: ಪೆಟ್ಟಿಗೆ ಬಾಗಿಲು ತೆರೆದಿದೆ. ಏಳು: ಬ್ಯಾಟರಿ ಕಡಿಮೆ. ಮೊದಲ ಕೆಲವು ಪೆಟ್ಟಿಗೆಗೆ ಹಾಕಿದ ಬೋರ್ಡ್ ಚಿಕ್ಕ ಬಿಟ್ ಮೊದಲು ಕಳಿಸ್ತಿತ್ತು, ಕೋಡೂ ಹಾಗೇ ಬರೆದಿದ್ದ. ದೊಡ್ಡಪ್ಪನ ಪೆಟ್ಟಿಗೆ ಮಾಡೋ ಹೊತ್ತಿಗೆ ಆ ಬೋರ್ಡ್ ಸ್ಟಾಕ್ ಇರಲಿಲ್ಲ. ಅಂಗಡಿಯವರು ಅದೇ ಹೆಸರಿನ, ಅದೇ ಸೈಜಿನ, ಅದೇ ಪಿನ್ನುಗಳ ಇನ್ನೊಂದು ಬೋರ್ಡ್ ಕೊಟ್ಟರು. ಅದು ದೊಡ್ಡ ಬಿಟ್ ಮೊದಲು ಕಳಿಸ್ತಿತ್ತು.

ಈಗ ಕನ್ನಡಿ ಹಿಡಿಯಿರಿ. ಸೊನ್ನೆ ಹೋಗಿ ಏಳಾಗುತ್ತೆ, ಒಂದು ಆರಾಗುತ್ತೆ, ಎರಡು ಐದಾಗುತ್ತೆ. ಮೊದಲ ರಾತ್ರಿ ನಿಜಕ್ಕೂ ಹೋಗಿದ್ದು ಬಿ ಫೇಸ್. ಪೆಟ್ಟಿಗೆ ಓದಿದ್ದು ‘ನೀರಿಲ್ಲ’ ಅಂತ. ನೀರಿಲ್ಲ ಅಂದ್ರೂ ಮೋಟಾರ್ ನಿಲ್ಲಿಸಬೇಕು ಅಂತಲೇ ಕೋಡಲ್ಲಿ ಇತ್ತು, ಹಾಗಾಗಿ ಪುಣ್ಯಕ್ಕೆ ಮೋಟಾರ್ ಉಳೀತು. ನಮಗೆ ಸಿಕ್ಕಿದ್ದು ಒಂದು ದಿನದ ಉಪವಾಸ, ಒಂದು ತೆಂಗಿನಕಾಯಿ. ಎರಡನೇ ರಾತ್ರಿ ಹೋಗಿದ್ದು ಆರ್ ಫೇಸ್. ಪೆಟ್ಟಿಗೆ ಓದಿದ್ದು ‘ಬ್ಯಾಟರಿ ಕಡಿಮೆ’. ಬ್ಯಾಟರಿ ಕಡಿಮೆ ಆದ್ರೆ ಮೋಟಾರ್ ಯಾಕೆ ನಿಲ್ಲಿಸಬೇಕು? ನಿಲ್ಲಿಸಲಿಲ್ಲ.

ಮೂರು ತಿಂಗಳು ಇದು ಯಾಕೆ ಗೊತ್ತಾಗಲಿಲ್ಲ ಅನ್ನೋದೇ ನನ್ನನ್ನ ಬಹಳ ದಿನ ಕಾಡಿದ್ದು. ಉತ್ತರ ಕೇಳಿದ್ರೆ ನಗು ಬರುತ್ತೆ. ಎಲ್ಲ ಸರಿ ಇದ್ದಾಗ ಎಂಟೂ ಬಿಟ್ ಸೊನ್ನೆ. 00000000 ಅನ್ನ ಯಾವ ಕಡೆಯಿಂದ ಓದಿದ್ರೂ ಅದೇ, ವಿಕಟಕವಿ ಅನ್ನೋ ಪದ ಇದ್ದ ಹಾಗೆ. ಹಾಕಿದ ದಿನ ನಾವು ಪರೀಕ್ಷೆ ಮಾಡಿದ್ವಿ, ಮಾಡಲಿಲ್ಲ ಅಂತಲ್ಲ. ಹೇಗೆ? ಮೇನ್ ಸ್ವಿಚ್ ಇಳಿಸಿದ್ವಿ. ಮೋಟಾರ್ ನಿಂತಿತು. ಭೇಷ್ ಅಂದ್ವಿ. ಮೇನ್ ಇಳಿಸಿದ್ರೆ ಮೋಟಾರ್ ನಿಲ್ಲದೆ ಕುಣಿಯುತ್ತಾ? ಬ್ಯಾಟರಿ ಮೇಲೆ ಬದುಕಿದ್ದ ಪೆಟ್ಟಿಗೆ ಆಗ ಯಾವ ಮೆಸೇಜ್ ಕಳಿಸಿತು ಅಂತ ಯಾರೂ ನೋಡಲಿಲ್ಲ. ಹೊಲದಲ್ಲಿ ನೆಟ್‌ವರ್ಕೂ ಸರಿಯಾಗಿರಲಿಲ್ಲ. ಒಂದೇ ಒಂದು ಫ್ಯೂಸ್ ಕಿತ್ತು ನೋಡಿದ್ದರೆ ಅವತ್ತೇ ಸಿಕ್ಕಿಬೀಳ್ತಿತ್ತು.

ತಪ್ಪು ಗೊತ್ತಾದ ರಾತ್ರಿ ಗೆಳೆಯ ಮೊದಲು ಮಾಡಿದ್ದು ಕೋಡಿನ ತುಂಬ ಸೊನ್ನೆ ಇದ್ದ ಕಡೆ ಏಳು, ಎರಡಿದ್ದ ಕಡೆ ಐದು ಅಂತ ತಿದ್ದಿದ್ದು. ದೊಡ್ಡಪ್ಪನ ಪೆಟ್ಟಿಗೆ ಸರಿಹೋಯ್ತು. ಆದ್ರೆ ಹಳೇ ಬೋರ್ಡಿನ ಪೆಟ್ಟಿಗೆಗಳಿಗೆ ಆ ಕೋಡ್ ಹಾಕಿದ್ರೆ ಅವು ತಲೆಕೆಳಗಾಗ್ತಿದ್ವು. ಅಂದ್ರೆ ಎರಡು ಕೋಡ್ ಇಟ್ಟುಕೊಳ್ಳಬೇಕು. ಎರಡು ಲೆಕ್ಕದ ಪುಸ್ತಕ ಇಟ್ಟ ಅಂಗಡಿ ಏನಾಗುತ್ತೆ ಅಂತ ನನಗೆ ಗೊತ್ತು. “ಬ್ಯಾಡೋ” ಅಂದೆ. ಅವನಿಗೂ ಗೊತ್ತಿತ್ತು, ಗಾಬರಿಯಲ್ಲಿ ಮಾಡಿದ್ದ.

ಆಮೇಲೆ ಮಾಡಿದ್ದು ಸಿಮ್ ಕಾರ್ಡ್ ಉಪಾಯ. ಎಲ್ಲಾ ಬೈಟೂ ಒಳಗೆ ಬರೋದು ಒಂದೇ ಬಾಗಿಲಿಂದ. ಬೋರ್ಡ್ ತಿರುಗಿದ ಜಾತಿಯದಾದ್ರೆ ಅಲ್ಲೇ ಒಮ್ಮೆ ತಿರುಗಿಸೋದು. ಒಳಗಿನ ಕೋಡಲ್ಲಿ ನಂಬರೇ ಇಲ್ಲ, ‘ಆರ್ ಫೇಸ್ ಹೋಗಿದೆ’ ಅನ್ನೋ ಹೆಸರು ಮಾತ್ರ. ಎಂಟು ಬಿಟ್ ತಿರುಗಿಸೋದು ಮೂರು ಹೆಜ್ಜೆಯ ಕೆಲಸ. ಎಂಟು ಜನ ಸಾಲಾಗಿ ನಿಂತಿದ್ದಾರೆ ಅಂದುಕೊಳ್ಳಿ. ಎಡಗಡೆ ನಾಲ್ವರು, ಬಲಗಡೆ ನಾಲ್ವರು ಜಾಗ ಬದಲಿಸಲಿ. ಆಮೇಲೆ ಪ್ರತಿ ನಾಲ್ವರೊಳಗೆ ಇಬ್ಬಿಬ್ಬರು ಬದಲಿಸಲಿ. ಕೊನೆಗೆ ಪ್ರತಿ ಜೋಡಿಯೊಳಗೆ ಅಕ್ಕಪಕ್ಕದವರು. 1 ಅನ್ನೋ ಬೆಲೆ ಮೊದಲ ಹೆಜ್ಜೆಗೆ 16, ಎರಡನೇದಕ್ಕೆ 64, ಮೂರನೇದಕ್ಕೆ 128 ಆಗುತ್ತೆ. ಇಷ್ಟೂ ಬೇಡ ಅಂದ್ರೆ 256 ಉತ್ತರಗಳ ಮಗ್ಗಿ ಬರೆದಿಟ್ಟುಕೊಂಡು ನೋಡಿ ಹೇಳಬಹುದು, ಲಿನಕ್ಸ್ ಅಂಥದೊಂದು ಮಗ್ಗಿ ಇಟ್ಟುಕೊಂಡಿದೆ. ಈಗಿನ ಆರ್ಮ್ ಪ್ರೊಸೆಸರ್‌ಗಳಲ್ಲಿ ಇದಕ್ಕೆಂದೇ ಒಂದು ಆಜ್ಞೆ ಇದೆ. ಆದ್ರೆ ಅದು 32 ಬಿಟ್ಟನ್ನೂ ಒಟ್ಟಿಗೆ ತಿರುಗಿಸುತ್ತೆ, ಒಂದೊಂದು ಬೈಟನ್ನ ಬೇರೆ ಬೇರೆಯಾಗಿ ಅಲ್ಲ. ಇವೆರಡೂ ಒಂದೇ ಅಂದುಕೊಂಡು ಕೆಟ್ಟವರೂ ಇದ್ದಾರೆ.

ಇನ್ನು ಬೋರ್ಡ್ ಯಾವ ಜಾತಿಯದು ಅಂತ ಪೆಟ್ಟಿಗೆಗೆ ಹೇಳೋರ್ಯಾರು? ಖಾಲಿ ಇದ್ದ ಮೂರು ಮತ್ತು ನಾಲ್ಕನೇ ಬಿಟ್ ಈಗ ಉಪಯೋಗಕ್ಕೆ ಬಂದ್ವು. ಅವೆರಡೂ ಕನ್ನಡಿಯಲ್ಲಿ ಒಂದಕ್ಕೊಂದು ಎದುರು. ಮೂರನೇದನ್ನ ಕಾಯಂ ಆಗಿ ಆನ್ ಇರೋ ಹಾಗೆ, ನಾಲ್ಕನೇದನ್ನ ಕಾಯಂ ಆಫ್ ಇರೋ ಹಾಗೆ ತಂತಿ ಬೆಸೆದ. ಎಲ್ಲ ಸರಿ ಇದ್ದಾಗ ನೇರ ಬೋರ್ಡ್ ಓದಿದ್ರೆ 8 ಬರುತ್ತೆ, ತಿರುಗಿದ ಬೋರ್ಡ್ ಓದಿದ್ರೆ 16. ಎರಡೂ ಬಿಟ್ ಒಂದೇ ಥರ ಇದ್ದರೆ ತಂತಿಯೇ ಕಿತ್ತಿದೆ ಅಂತ ಅರ್ಥ, ಮೋಟಾರ್ ಶುರು ಮಾಡೋದೇ ಬೇಡ. ಎರಡು ತುಂಡು ತಂತಿ, ಹತ್ತು ಸಾಲು ಕೋಡು.

ವೈಂಡಿಂಗ್ ಖರ್ಚಲ್ಲಿ ಅರ್ಧ ಗೆಳೆಯ ಕೊಟ್ಟ. ನಾನು ಬೇಡ ಅಂದೆ, ದೊಡ್ಡಪ್ಪ ಇಸ್ಕೊಂಡರು. ಅವರಿಬ್ಬರ ನಡುವೆ ಒಂದು ತಿಂಗಳು ಮಾತು ಅಷ್ಟಕ್ಕಷ್ಟೇ ಇತ್ತು. ಆಮೇಲೆ ಒಂದು ಸಂಜೆ ಅವನೇ ಹೊಲಕ್ಕೆ ಬಂದು, ಮೇನ್ ಇಳಿಸಿ, ಒಂದೊಂದೇ ಫ್ಯೂಸ್ ಕಿತ್ತು, ಮತ್ತೆ ಮೇನ್ ಎತ್ತಿ, ಮೂರೂ ಸಲ ದೊಡ್ಡಪ್ಪನ ಫೋನಿಗೆ ಸರಿಯಾದ ಫೇಸಿನ ಹೆಸರು ಬಂದಿದ್ದನ್ನ ತೋರಿಸಿದ. ದೊಡ್ಡಪ್ಪ ಕನ್ನಡಕ ಹಾಕ್ಕೊಂಡು ಮೂರೂ ಮೆಸೇಜ್ ಗಟ್ಟಿಯಾಗಿ ಓದಿ, “ಹ್ಞೂಂ, ಚಾ ಕುಡಿ ಬಾ” ಅಂದ್ರು.

ಹೋದ ವಾರ ಅವನ ಅಂಗಡಿಯಲ್ಲಿ ಕೂತಿದ್ದೆ. ಹೊಸ ಬೋರ್ಡ್‌ಗಳ ಒಂದು ಕಟ್ಟು ಬಂದಿತ್ತು. ಪಟ್ಟಣದ ಬೇರೆ ಅಂಗಡಿಯದು, ಹೆಸರು ಅದೇ, ಬಣ್ಣ ಅದೇ. ಮೂರನೇದು, ನಾಲ್ಕನೇದರ ತಂತಿ ಬೆಸೆದು, ಲ್ಯಾಪ್‌ಟಾಪಿಗೆ ಸಿಕ್ಕಿಸಿ ಓದಿಸಿದ. ಮೊದಲನೇದು 16. ಎರಡನೇದು 16. ಮೂರನೇದು 8.

ಒಂದೇ ಕಟ್ಟಿನಲ್ಲಿ. ಅವನು ಮಾರ್ಕರ್ ಪೆನ್ ತಗೊಂಡು ಆ ಮೂರನೇದರ ಬೆನ್ನ ಮೇಲೆ ‘ಇಪ್ಪತ್ತೈದು’ ಅಂತ ಬರೆದ, ಉಳಿದ ಎರಡರ ಮೇಲೆ ‘ಪಚ್ಚೀಸ್’ ಅಂತ ಬರೆದು ಬೇರೆ ಡಬ್ಬಿಗೆ ಹಾಕಿದ.